ಒಂಬತ್ತು ಸಲ ಸತ್ತವನು ಮತ್ತು ಅರ್ಧ ಮುಖದ ಶ್ರೀವತ್ಸ

ಶ್ರೀವತ್ಸ ತೀರಿಕೊಂಡ ಎಂಟನೆಯ ದಿನ ಅವನ ಹೆಂಡತಿ ಇಂದಿರಾ ಅನಂತನನ್ನು ಮನೆಗೆ ಕರೆಸಿ ಒಂದೇ ಒಂದು ಕೆಲಸ ಒಪ್ಪಿಸಿದರು. ಭಾನುವಾರ ಸಂಜೆ ಐದಕ್ಕೆ ಠಾಕೂರ್‌ಪುಕುರಿನ ಪಾಡಾದವರು, ಎಂದರೆ ಅಕ್ಕಪಕ್ಕದ ನಾಲ್ಕು ಗಲ್ಲಿಯ ಬಂಗಾಳಿ ಜನ, ತಮ್ಮ ಕ್ಲಬ್ಬಿನ ಹಾಲಿನಲ್ಲಿ ಸ್ಮರಣಸಭೆ ಇಟ್ಟುಕೊಂಡಿದ್ದರು. ಅಷ್ಟರೊಳಗೆ ಶ್ರೀವತ್ಸನ ಒಂದು ಫೋಟೊ ಬೇಕು. ಪೂರ್ತಿ ಮುಖದ್ದು.

"ಎರಡು ಕಣ್ಣು, ಎರಡು ಕೆನ್ನೆ, ಎರಡು ಕಿವಿ ಇರ್ಬೇಕು ಅನಂತ ಅವರೇ. ಇನ್ನೇನೂ ಕೇಳ್ತಿಲ್ಲ ನಾನು," ಎಂದರು ಇಂದಿರಾ. "ಮೂವತ್ತೆಂಟು ವರ್ಷ ಅರ್ಧರ್ಧ ನೋಡಿದ್ದು ಸಾಕು. ಗೋಡೆ ಮೇಲಾದ್ರೂ ಪೂರ್ತಿ ಇರ್ಲಿ."

"ಅದೇನ್ ದೊಡ್ಡದ್ರಿ ವೈನಿ, ನಾಳೆ ತರ್ತೀನಿ," ಎಂದ ಅನಂತ. ಅವನು ಧಾರವಾಡದವನು, ಜೋಕಾ ಕಡೆಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತನಾದವನು. ಶ್ರೀವತ್ಸನಿಗೆ ಮೂವತ್ತು ವರ್ಷದ ಗೆಳೆಯ. ಆ ಮೂವತ್ತು ವರ್ಷದಲ್ಲಿ ತಾನು ಗೆಳೆಯನ ಎಡಗೆನ್ನೆಯನ್ನು ಫೋಟೊದಲ್ಲಿ ಒಮ್ಮೆಯೂ ಕಂಡಿಲ್ಲವೆಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಇದಕ್ಕೆಲ್ಲ ಕಾರಣ ಎಲ್ಮರ್ ಕ್ರೇಲ್ ಎಂಬ ಅಮೆರಿಕದ ನಟ.

ಶ್ರೀವತ್ಸ ಮೈಸೂರಿನಿಂದ ಕೇಂದ್ರ ಸರ್ಕಾರದ ನಕ್ಷೆಯ ಕಚೇರಿಗೆ ಡ್ರಾಫ್ಟ್ಸ್‌ಮನ್ ಆಗಿ ಬಂದದ್ದು ಎಂಬತ್ತನಾಲ್ಕರಲ್ಲಿ. ಬಂಗಾಳಿ ಬಾರದು, ಪರಿಚಯದವರಿಲ್ಲ, ಭಾನುವಾರ ಕಳೆಯುವುದು ಕಷ್ಟ. ಸಹೋದ್ಯೋಗಿಯೊಬ್ಬ ಅವನನ್ನು ಒಂದು ಫಿಲ್ಮ್ ಸೊಸೈಟಿಗೆ ಸೇರಿಸಿದ. ಅಲ್ಲಿ ಅವನು ನೋಡಿದ ಮೊದಲ ಚಿತ್ರ ನಲವತ್ತರ ದಶಕದ್ದು, ಕಪ್ಪುಬಿಳುಪಿನದು, ನುವಾರ್ ಎನ್ನುತ್ತಾರಲ್ಲ, ಆ ಜಾತಿಯದು: ಒದ್ದೆ ರಸ್ತೆ, ಕಿಟಕಿ ಪಟ್ಟಿಗಳ ನೆರಳು, ಯಾರನ್ನೂ ನಂಬದ ಜನ. ಹ್ಯಾಟು ಹಾಕಿದವನೊಬ್ಬ ಕೈಯಲ್ಲಿ ಪೊಟ್ಟಣ ಹಿಡಿದು ಬಾಗಿಲು ತಟ್ಟಿದ. ಒಳಗೆ ಬಂದ. ಅರ್ಧ ಮುಖ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ ನಿಂತು ಗಡಿಯಾರ ನೋಡಿದ. ಗುಂಡು ಹಾರಿತು, ಬಿದ್ದ. ಅಷ್ಟಕ್ಕೆ ರೀಲು ಮುಗಿಯಿತು. ಎರಡನೆಯ ರೀಲಿನ ಡಬ್ಬಿ ತೆಗೆದರೆ ಅದರಲ್ಲಿ ಟ್ರ್ಯಾಕ್ಟರ್ ರಿಪೇರಿಯ ಸಾಕ್ಷ್ಯಚಿತ್ರವಿತ್ತು. ಸಂಘಟಕರು ಕ್ಷಮೆ ಕೇಳಿ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದರು. ಹಿಂದಿನ ಸಾಲಿನಲ್ಲಿದ್ದ ಶ್ರೀವತ್ಸನಿಗೆ ಆ ಬಂಗಾಳಿ ಕ್ಷಮಾಪಣೆ ಒಂದಕ್ಷರವೂ ತಿಳಿಯಲಿಲ್ಲ. ಸಿನಿಮಾ ಇರುವುದೇ ಅಷ್ಟು ಎಂದುಕೊಂಡು ಮನೆಗೆ ಹೋದ. ಒಬ್ಬ ಬರುತ್ತಾನೆ, ಪೊಟ್ಟಣ ಕೊಡುತ್ತಾನೆ, ಸಾಯುತ್ತಾನೆ. ಹದಿನಾಲ್ಕು ನಿಮಿಷ. ಎಂಥ ಸಿನಿಮಾ! ಎಂಥ ಹೀರೊ!

ಮೂರು ವರ್ಷದ ಮೇಲೆ ಬೇರೆ ಕಡೆ ಅದೇ ಚಿತ್ರ ಪೂರ್ತಿ ನೋಡಿದಾಗ ಅವನಿಗೆ ವಿಪರೀತ ಬೇಸರವಾಯಿತು. "ಅವನು ಸತ್ತ ಮೇಲೂ ಒಂದೂಕಾಲು ಗಂಟೆ ಎಳೆದಿದಾರೆ ಕಣಯ್ಯಾ," ಎಂದು ಅನಂತನಿಗೆ ಹೇಳುತ್ತಿದ್ದ. "ಯಾರೋ ಪತ್ತೇದಾರ ಬರ್ತಾನೆ, ಯಾರೋ ಹೆಂಗಸು ಅಳ್ತಾಳೆ. ಯಾರಿಗೆ ಬೇಕು?"

ಆದರೆ ಹೊತ್ತು ಮೀರಿತ್ತು. ಕ್ರೇಲ್ ಅವನಿಗೆ ಹೀರೊ ಆಗಿಬಿಟ್ಟಿದ್ದ. ಕ್ರೇಲ್ ಮಾಡಿದ ಹನ್ನೊಂದೂ ಚಿತ್ರಗಳನ್ನು ಶ್ರೀವತ್ಸ ಇಪ್ಪತ್ತು ವರ್ಷ ಬೆನ್ನುಹತ್ತಿ ನೋಡಿದ; ಕ್ಯಾಸೆಟ್ಟಿನಲ್ಲಿ, ಸಿ.ಡಿ.ಯಲ್ಲಿ, ಕೊನೆಗೆ ಅನಂತನ ಲ್ಯಾಪ್‌ಟಾಪಿನಲ್ಲಿ. ಹನ್ನೊಂದರಲ್ಲಿ ಒಂಬತ್ತು ಸಾವು. ಗುಂಡಿಗೆ ಬಲಿಯಾದದ್ದೇ ಹೆಚ್ಚು. ಎರಡು ಸಲ ಹಡಗುಕಟ್ಟೆಯಿಂದ ನೀರಿಗೆ, ಒಂದು ಸಲ ಲಿಫ್ಟಿಲ್ಲದ ಲಿಫ್ಟಿನ ಗುಂಡಿಗೆ. ಉಳಿದೆರಡು ಚಿತ್ರಗಳಲ್ಲಿ ಅವನು ಬದುಕಿದನೋ ಸತ್ತನೋ ಹೇಳುವುದನ್ನು ಚಿತ್ರ ಮಾಡಿದವರೇ ಮರೆತಿದ್ದರು. ಎಲ್ಲ ಸೇರಿ ಅವನು ತೆರೆಯ ಮೇಲಿದ್ದದ್ದು ನಲವತ್ತಮೂರು ನಿಮಿಷ. ಇದನ್ನು ಶ್ರೀವತ್ಸ ಗಡಿಯಾರ ಹಿಡಿದು ಅಳೆದಿದ್ದ. ಅಳತೆಯಲ್ಲಿ ಅವನು ತಪ್ಪುವ ಪೈಕಿಯಲ್ಲ.

"ಅಂವಾ ಅಂಥಾದ್ದೇನ್ ಮಾಡ್ತಾನಪಾ?" ಎಂದು ಅನಂತ ಒಮ್ಮೆ ಕೇಳಿದ್ದ. "ಬರ್ತಾನ, ಸಾಯ್ತಾನ."

"ಹೇಗೆ ಬರ್ತಾನೆ ನೋಡು. ಸಾಯೋಕೆ ಬಂದವನ ಹಾಗೆ ಬರ್ತಾನಾ? ಇಲ್ಲಿ ಕೆಲಸ ಮುಗಿಸಿ ಇನ್ನೆಲ್ಲೋ ಹೋಗೋದಿದೆ ಅನ್ನೋನ ಹಾಗೆ ಬರ್ತಾನೆ. ಗಡಿಯಾರ ನೋಡ್ಕೋತಾನೆ. ಒಂಬತ್ತು ಸಲವೂ ಅವನಿಗೆ ಗೊತ್ತೇ ಇರಲ್ಲ. ಅದು ಸುಲಭ ಅಂದ್ಕೊಂಡ್ಯಾ?"

ಅವನದೊಂದು ಸಿದ್ಧಾಂತವೂ ಇತ್ತು. ಆ ಚಿತ್ರಗಳಲ್ಲಿ ಕೈಯಲ್ಲಿ ಏನನ್ನಾದರೂ ಹಿಡಿದು ಬಂದವನು ಉಳಿಯುವುದಿಲ್ಲ. ಪೊಟ್ಟಣ, ಹೂಗುಚ್ಛ, ಹಾಲಿನ ಬಾಟಲಿ, ಏನೇ ಇರಲಿ. ಇಂದಿರಾ ಚೀಲ ಕೊಟ್ಟು ಮಾರ್ಕೆಟ್ಟಿಗೆ ಕಳಿಸಿದಾಗಲೆಲ್ಲ, "ನನ್ನ ಕತೆ ಮುಗೀತು ಅನ್ನು," ಎಂದು ಹೊರಡುತ್ತಿದ್ದ. ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಕೈಯಲ್ಲಿ ನುಗ್ಗೇಕಾಯಿಯ ಚೀಲವಿತ್ತು. ಅದು ಯಾವ ಸಿದ್ಧಾಂತವೂ ಅಲ್ಲ, ಬರೀ ಕಾಕತಾಳೀಯ ಎಂದು ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಗೊತ್ತು. ಆದರೂ ಅನಂತ ಅಂದಿನಿಂದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಓಡಾಡುತ್ತಿದ್ದಾನೆ. ಕೈಯಲ್ಲಿ ಏನೂ ಹಿಡಿಯುವುದಿಲ್ಲ.

ಇನ್ನು ಮುಖದ ವಿಷಯ. ಕ್ರೇಲ್‌ನ ಎಡಗೆನ್ನೆಯ ಮೇಲೆ ಯಾವ ಚಿತ್ರದಲ್ಲೂ ಬೆಳಕು ಬಿದ್ದಿಲ್ಲ. ಶ್ರೀವತ್ಸನೂ ಕ್ಯಾಮೆರಾ ಕಂಡರೆ ಸಾಕು, ಕಿಟಕಿಯನ್ನೋ ಮರವನ್ನೋ ಕಂಬವನ್ನೋ ಹುಡುಕಿಕೊಂಡು ಹೋಗಿ ಬಲಗೆನ್ನೆಯನ್ನು ಬೆಳಕಿಗೆ ಕೊಟ್ಟು ನಿಲ್ಲುತ್ತಿದ್ದ. "ಮುಖಾನ ಪೂರ್ತಿ ಕೊಟ್ಟುಬಿಟ್ರೆ ಆಮೇಲೆ ನೋಡೋಕೇನಿರತ್ತೆ?" ಎನ್ನುವನು. ಎಂಬತ್ತಾರರಲ್ಲಿ ಮೈಸೂರಿನಲ್ಲಿ ಮದುವೆಯಾದಾಗ ಫೋಟೊಗ್ರಾಫರನ ಎರಡು ಲೈಟಿನಲ್ಲಿ ಒಂದನ್ನು ಆಫ್ ಮಾಡಿಸಿದ್ದ. ಆಲ್ಬಮ್ಮಿನ ಪ್ರತಿ ಪುಟದಲ್ಲೂ ಪೂರ್ತಿ ವಧು, ಅರ್ಧ ವರ. ಗಂಡಿಗೆ ಒಂದೇ ಕಣ್ಣಿರಬಹುದೆಂಬ ಸಂಶಯ ಬಂದು ಇಂದಿರಾರ ತಂದೆ ಧಾರೆಯ ಹೊತ್ತಿನಲ್ಲಿ ಮಂಟಪ ಸುತ್ತಿ ಎಡಗಡೆಗೆ ಹೋಗಿ ಇಣುಕಿದ್ದರಂತೆ.

ಹೀಗಾಗಿ ಅನಂತನ ಕೆಲಸ ಕೆಟ್ಟಿತು. ಇಂದಿರಾರ ಫೋನಿನಲ್ಲಿ ಹನ್ನೆರಡು ಫೋಟೊ, ಹನ್ನೆರಡೂ ಅರ್ಧ. ನಿವೃತ್ತಿಯ ದಿನ ಕಚೇರಿಯವರು ತೆಗೆದ ಗುಂಪುಚಿತ್ರದಲ್ಲಿ ಒಂದು ಕಂಬವೂ ಒಂದು ಭುಜವೂ ಇದ್ದವು. ಉಳಿದದ್ದು ಆಧಾರ್ ಕಾರ್ಡು. ಅದನ್ನು ಜೇಬಿಗೆ ಹಾಕಿಕೊಂಡು ಸ್ಟುಡಿಯೊಗೆ ಹೋದರೆ ಅಂಗಡಿಯವನು ದೊಡ್ಡದು ಮಾಡಿ ತೋರಿಸಿದ. ಗೋಡೆಗೆ ಸುಣ್ಣ ಎರಚಿದಂತಿತ್ತು. "ದಾದಾ, ಇದನ್ನು ಇವರ ತಾಯಿಯೂ ಗುರುತು ಹಿಡಿಯಲ್ಲ," ಎಂದ ಅವನು, ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಅನಂತ ಸೋತು ಕ್ಲಬ್ಬಿನ ನಿತಾಯ್‌-ದಾಗೆ, ಎಂದರೆ ನಿತಾಯಣ್ಣನಿಗೆ, ಫೋನು ಮಾಡಿದ. ನಿತಾಯ್ ಪಾಡಾದ ಸಕಲ ಸಮಾರಂಭಗಳ ಯಜಮಾನ. ದುರ್ಗಾಪೂಜೆಯಿಂದ ಶವಯಾತ್ರೆಯವರೆಗೆ ಎಲ್ಲಕ್ಕೂ ಅವನದೇ ಓಡಾಟ. ಅನಂತನ ಬಂಗಾಳಿ ಮೂವತ್ತು ವರ್ಷದ್ದಾದರೂ ಮೀನಿನಂಗಡಿಯವರು ಇವತ್ತಿಗೂ ಹಿಂದಿಯಲ್ಲೇ ಉತ್ತರ ಕೊಡುತ್ತಾರೆ. ಅವನು ಹೇಳಿದ್ದಿಷ್ಟು: "ಶ್ರೀಬೊತ್ಶೊ ಬಾಬುರ್ ಛೋಬಿ ಪಾಚ್ಛಿ ನಾ." ಶ್ರೀವತ್ಸ ಬಾಬುಗಳ ಫೋಟೊ ಸಿಗುತ್ತಿಲ್ಲ.

ಕನ್ನಡದಲ್ಲಾಗಲಿ ಬಂಗಾಳಿಯಲ್ಲಾಗಲಿ ಶ್ರೀವತ್ಸರ ಫೋಟೊ ಎಂದರೆ ಎರಡರ್ಥ. ಶ್ರೀವತ್ಸರು ಇರುವ ಫೋಟೊ ಒಂದು. ಶ್ರೀವತ್ಸರ ಬಳಿ ಇರುವ ಫೋಟೊ ಇನ್ನೊಂದು.

"ಅಯ್ಯೋ, ಚಿಂತೆ ಬಿಡಿ ಅನಂತೊ-ದಾ," ಎಂದ ನಿತಾಯ್. "ಅವರ ಮನೆಯಲ್ಲೇ ಇದೆಯಲ್ಲ! ನಾನು ಎಷ್ಟು ಸಲ ನೋಡಿದೀನಿ. ಮೊನ್ನೆ ಇಂದಿರಾ ಬೌದಿಯನ್ನು ಮಾತಾಡಿಸೋಕೆ ಹೋದಾಗ ಮೊಬೈಲಿನಲ್ಲಿ ತೆಗೆದುಕೊಂಡೂ ಬಂದೆ."

ಅನಂತ ಕೂಡಲೇ ಇಂದಿರಾರಿಗೆ ಫೋನು ಮಾಡಿ, "ಸಿಕ್ತ್ರಿ ವೈನಿ," ಎಂದ.

"ಪೂರ್ತಿ ಮುಖದ್ದಾ?"

"ಪೂರ್ತಿ."

ಅದನ್ನು ಅವನು ಯಾವ ಆಧಾರದ ಮೇಲೆ ಹೇಳಿದನೋ ಅವನಿಗೇ ತಿಳಿಯದು.

ಭಾನುವಾರ ನಾಲ್ಕೂವರೆಗೆ ಹಾಲಿಗೆ ಹೋದಾಗ ವೇದಿಕೆಯ ಮೇಲೆ ಎಂಟಡಿ ಅಗಲದ ಫ್ಲೆಕ್ಸ್ ಕಟ್ಟಿತ್ತು. ಅದರಲ್ಲಿ ಎಲ್ಮರ್ ಕ್ರೇಲ್ ಇದ್ದ. ಹ್ಯಾಟು ಹಣೆಯವರೆಗೆ ಎಳೆದು, ಬಾಯಂಚಿನಲ್ಲಿ ಸಿಗರೇಟು ಕಚ್ಚಿ, ಬಲಗೆನ್ನೆಯನ್ನು ಬೆಳಕಿಗೊಡ್ಡಿ ನಿಂತಿದ್ದ. ಕೆಳಗೆ ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ ದಿವಂಗತ ಶ್ರೀವತ್ಸ, ಹುಟ್ಟಿದ ದಿನ, ತೀರಿಕೊಂಡ ದಿನ. ಮೇಲಿಂದ ಕೆಳಗಿನವರೆಗೆ ರಜನಿಗಂಧದ ಹಾರ. ಮುಂದೆ ಊದುಬತ್ತಿ.

ಆ ಫೋಟೊ ಶ್ರೀವತ್ಸನ ನಡುಮನೆಯದು. ಕ್ರೇಲ್‌ನ ಅಣ್ಣನ ಮಗಳ ವಿಳಾಸ ಪತ್ತೆಮಾಡಿ ಅವನು ಕಾಗದ ಬರೆದಾಗ ಆಕೆ ಕಳಿಸಿದ್ದು. ಚಿಕ್ಕಪ್ಪ ಸಿನಿಮಾ ಬಿಟ್ಟು ಫ್ರಿಜ್ಜು ಮಾರುತ್ತಿದ್ದರು, ಹತ್ತು ವರ್ಷದ ಹಿಂದೆ ಹೋದರು, ಸಿನಿಮಾದಲ್ಲಿದ್ದರೆಂದು ನಮಗೆ ಗೊತ್ತಿತ್ತು, ಯಾವ ಸಿನಿಮಾ ಎಂದು ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಉಪಕಾರವಾಯಿತು ಎಂದು ಬರೆದಿದ್ದಳು. ಶ್ರೀವತ್ಸ ಅಂದು ತಲೆಗೆ ನೀರು ಹಾಕಿಕೊಂಡು ಆ ಫೋಟೊಗೆ ಮೈಸೂರಿನ ಗಂಧದ ಹಾರ ಹಾಕಹೊರಟಿದ್ದ. ಇಂದಿರಾ ತಡೆದಿದ್ದರು: "ಹಾರ ಹಾಕಿದ್ರೆ ಬಂದವರೆಲ್ಲ ಇವನನ್ನ ನಮ್ಮ ಮಾವ ಅಂದ್ಕೋತಾರೆ. ಹಾಗೇ ಇರ್ಲಿ." ಹಾಗೇ ಇತ್ತು. ಹಾರವಿಲ್ಲದ ಫೋಟೊ ಬದುಕಿರುವವರದು ತಾನೆ? ಪಾಡಾದ ಜನ ಇಪ್ಪತ್ತು ವರ್ಷದಿಂದ ಅದನ್ನು ಶ್ರೀವತ್ಸನ ಪ್ರಾಯದ ಫೋಟೊ ಎಂದೇ ತಿಳಿದಿದ್ದರು.

"ಹೇಗಿದೆ?" ಎಂದ ನಿತಾಯ್, ಕೈಕಟ್ಟಿ ಹಿಂದೆ ಸರಿದು ನೋಡುತ್ತ. "ಏನು ಲುಕ್, ಅಲ್ವಾ? ಹುಡುಗನಾಗಿದ್ದಾಗ ಶ್ರೀಬೊತ್ಶೊ-ದಾ ಏನು ಕಡಿಮೆ ಇದ್ದರಾ!"

ಅನಂತ ಬಾಯಿ ತೆರೆದ. ಅಷ್ಟರಲ್ಲಿ ಜನ ಬರತೊಡಗಿದರು, ತೊಂಬತ್ತರ ಹತ್ತಿರ. ಒಬ್ಬೊಬ್ಬರೇ ಹೋಗಿ ಕ್ರೇಲ್‌ಗೆ ಹೂ ಹಾಕಿ ಕೈಮುಗಿದರು. ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ನಕ್ಷೆ ಕಚೇರಿಯ ಹಳಬನೊಬ್ಬ ಚಿತ್ರವನ್ನು ದಿಟ್ಟಿಸಿ, "ಹೌದು, ಕೆಲಸಕ್ಕೆ ಸೇರಿದ ದಿನ ಹೀಗೇ ಇದ್ದ. ಇದೇ ಹ್ಯಾಟು," ಎಂದ. ಕನ್ನಡ ಬಳಗದ ಅಧ್ಯಕ್ಷ ವೀರಭದ್ರಪ್ಪನವರಂತೂ ಮೈಕು ಹಿಡಿದು ಫ್ಲೆಕ್ಸಿನತ್ತ ಕೈ ಚಾಚಿ, "ಈ ಕಣ್ಣುಗಳನ್ನು ನೋಡಿ. ಇಷ್ಟು ದೂರ ಬಂದರೂ ಈ ಕಣ್ಣುಗಳಿಂದ ನಮ್ಮ ಮೈಸೂರಿನ ಮಣ್ಣು ಮರೆಯಾಗಲಿಲ್ಲ," ಎಂದರು. ಚಿತ್ರದಲ್ಲಿ ಕಾಣುತ್ತಿದ್ದದ್ದು ಒಂದೇ ಕಣ್ಣು. ಯಾರೂ ನಗಲಿಲ್ಲ. ಅನಂತ ಮುಖ ತಿರುಗಿಸಿಕೊಂಡು ಕೆಮ್ಮಿದ.

ಆಗ ಇಂದಿರಾ ಒಳಗೆ ಬಂದರು. ಮುಂದಿನ ಸಾಲಿನ ನಡುವಿನ ಕುರ್ಚಿಯನ್ನು ಅವರಿಗೆಂದೇ ಬಿಟ್ಟಿದ್ದರು, ಸರಿಯಾಗಿ ಕ್ರೇಲ್‌ನ ಎದುರಿಗೆ. ಅವರು ಕೂತು, ಕನ್ನಡಕ ಸರಿಮಾಡಿಕೊಂಡು, ತಲೆಯೆತ್ತಿ ನೋಡಿದರು.

"ಅನಂತ ಅವರೇ," ಎಂದರು ಮೆಲ್ಲಗೆ. "ಇವನು ಇಲ್ಲಿಗೂ ಬಂದ್ನಾ?"

"ವೈನಿ, ತಪ್ಪಾತು. ನಾ ಫೋನಿನ್ಯಾಗ..." ಎಂದು ಅವನು ತೊದಲಿದ. "ಮಂದಿ ಎಲ್ಲಾ ಹೂ ಹಾಕ್ಯಾರ. ಈಗ ಹೇಳಿದ್ರ ನಿತಾಯ್‌ಗ ಅವಮಾನ ಆಕ್ಕತಿ. ಇವತ್ತೊಂದಿನ ಇರ್ಲೇನ್ರಿ?"

ಇಂದಿರಾ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಹೇಳಿದರು: "ಎಂಟು ವರ್ಷ ಕಾಗದ ಬರೆದ್ರಲ್ಲ ಅವರು, ಆ ಪುಸ್ತಕದ ಕಂಪನಿಗೆ. ಏನು ಬರೀತಿದ್ರು ಹೇಳಿ."

ಅನಂತನಿಗೆ ಗೊತ್ತಿತ್ತು. ಸಿನಿಮಾ ಕುರಿತ ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಕ್ರೇಲ್‌ನ ಹೆಸರು ಒಂದೇ ಕಡೆ, ಒಂದು ಫೋಟೊದ ಕೆಳಗೆ ಬಂದಿತ್ತು. ಫೋಟೊ ಮಾತ್ರ ಬೇರೆ ಯಾವನದೋ, ದುಂಡು ಮುಖದವನದು. ಶ್ರೀವತ್ಸ ತಿಂಗಳಿಗೊಂದರಂತೆ ಪತ್ರ ಹಾಕಿದ್ದ. ಆ ಪತ್ರಗಳ ಇಂಗ್ಲಿಷನ್ನು ತಿದ್ದಿಕೊಟ್ಟವನೇ ಅನಂತ. ಎಲ್ಲದರ ಕೊನೆಯ ಸಾಲೂ ಒಂದೇ: ದಯವಿಟ್ಟು ಈ ಹೆಸರಿನ ಮೇಲೆ ಈ ಮನುಷ್ಯನ ಮುಖವನ್ನೇ ಹಾಕಿ. ಒಂದಕ್ಕೂ ಉತ್ತರ ಬಂದಿರಲಿಲ್ಲ.

"ಈಗ ಅವರ ಹೆಸರಿನ ಮೇಲೇ ಬೇರೆಯವನ ಮುಖ," ಎಂದರು ಇಂದಿರಾ. "ನೀವು ಹೇಳ್ತೀರೋ, ನಾನೇ ಹೇಳ್ಲೋ?"

ಅನಂತ ಎದ್ದು ಮೈಕಿನ ಬಳಿ ಹೋದ. ತನ್ನ ಬಂಗಾಳಿಯಲ್ಲಿ ಒಂದು ವಾಕ್ಯ ಹೇಳಿದ: "ಇವರು ಶ್ರೀವತ್ಸ ಅಲ್ಲ."

ಅವನು ಅಧ್ಯಾತ್ಮ ಹೇಳುತ್ತಿದ್ದಾನೆಂದು ತಿಳಿದು ಹಿಂದೆ ಯಾರೋ, "ನಿಜ, ನಿಜ, ದೇಹ ಬೇರೆ ಆತ್ಮ ಬೇರೆ," ಎಂದರು.

"ಹಾಗಲ್ಲ. ಇವರು ಬೇರೆ ಮನುಷ್ಯ. ಅಮೆರಿಕದವರು."

ನಿತಾಯ್ ಫ್ಲೆಕ್ಸನ್ನೊಮ್ಮೆ, ಅನಂತನನ್ನೊಮ್ಮೆ ನೋಡಿದ. ವೀರಭದ್ರಪ್ಪನವರು ಕುರ್ಚಿಯಲ್ಲಿ ಅಷ್ಟಷ್ಟೇ ಕೆಳಗೆ ಜಾರಿದರು. ಹೂ ಹಾಕಿದ್ದ ಮುದುಕಿ ಎದ್ದು ನಿಂತು, ಎಲ್ಲರ ಪರವಾಗಿ ಕೇಳಿದಳು: "ಹಾಗಾದರೆ ನಾವು ಅತ್ತದ್ದು ಯಾರಿಗೆ?"

ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಲೇಬೇಕಾಯಿತು. ಎರಡು ಸಾವಿರದ ನಾಲ್ಕರಲ್ಲಿ ಅನಂತ ತನ್ನ ಕಾಲೇಜಿನಲ್ಲಿ ಶ್ರೀವತ್ಸನಿಂದ ಎಲ್ಮರ್ ಕ್ರೇಲ್ ಮೇಲೆ ಒಂದು ಉಪನ್ಯಾಸ ಮಾಡಿಸಿದ್ದ. ಬಂದವರು ನಾಲ್ವರು, ಇಬ್ಬರು ಏಸಿ ಇದೆಯೆಂದು ಬಂದವರು, ಒಬ್ಬ ಪ್ರೊಜೆಕ್ಟರಿನವನು, ನಾಲ್ಕನೆಯವನು ಅನಂತ. ಇವತ್ತು ತೊಂಬತ್ತು ಜನ ಮಲ್ಲಿಗೆಯಂಥ ಬಿಳಿ ಬಟ್ಟೆ ತೊಟ್ಟು ಕೂತಿದ್ದರು, ಕೇಳದೆ ಏಳುವವರಲ್ಲ. ಅನಂತ ಹೇಳಿದ. ಹನ್ನೊಂದು ಚಿತ್ರ, ಒಂಬತ್ತು ಸಾವು, ನಲವತ್ತಮೂರು ನಿಮಿಷ. ಎರಡನೆಯ ರೀಲಿನ ಬದಲು ಬಂದ ಟ್ರ್ಯಾಕ್ಟರು. ಲಿಫ್ಟಿನ ಗುಂಡಿಗೆ ಬೀಳುವ ಮೊದಲು ಕ್ರೇಲ್ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುವ ರೀತಿ. "ಸಾಯಲು ಬಂದವನ ಹಾಗೆ ಅವನು ಒಮ್ಮೆಯೂ ಬರಲಿಲ್ಲ," ಎಂದ. "ಇನ್ನೆಲ್ಲೋ ಹೋಗುವುದಿದೆ ಎನ್ನುವವನ ಹಾಗೆ ಬರುತ್ತಿದ್ದ." ಮುಂದಿನದನ್ನೂ ಹೇಳಿದ: ಅರ್ಧ ಮುಖ, ಮದುವೆಯ ಆಲ್ಬಮ್ಮು, ಎಡಗಡೆಗೆ ಹೋಗಿ ಇಣುಕಿದ ಮಾವ. "ಅದಕ್ಕೇ ನಮ್ಮ ಹತ್ತಿರ ಶ್ರೀವತ್ಸನ ಪೂರ್ತಿ ಮುಖದ ಒಂದು ಫೋಟೊವೂ ಇಲ್ಲ. ಇದ್ದಿದ್ದರೆ ಅದನ್ನೇ ಹಾಕುತ್ತಿದ್ದೆವು."

ಸಭೆಯಲ್ಲಿ ಗುಜುಗುಜು ಎದ್ದಿತು. "ಎಡಗೆನ್ನೆಯಲ್ಲಿ ಒಂದು ಮಚ್ಚೆ ಇತ್ತಲ್ಲ," ಎಂದಳು ಮುದುಕಿ. "ಇತ್ತು, ಹುಣಸೆಬೀಜದಷ್ಟು," ಎಂದ ನಿತಾಯ್. ಮೀಸೆಯ ಎಡ ತುದಿ ಸ್ವಲ್ಪ ಗಿಡ್ಡ ಎಂದು ಸಲೂನಿನವನು ಸೇರಿಸಿದ. ತಾನೇ ಒಮ್ಮೆ ಹೆಚ್ಚಾಗಿ ಕತ್ತರಿಸಿದ್ದೆ, ಅಂದಿನಿಂದ ಅವರು ಹಾಗೇ ಬಿಟ್ಟಿದ್ದರು ಎಂದ. ಇಂದಿರಾ ಹಿಂದೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ಸಭೆ ಎಷ್ಟು ಹೊತ್ತಿಗೆ ಮುಗಿಯಿತೆಂಬುದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಫ್ಲೆಕ್ಸನ್ನು ಇಳಿಸುವಾಗ ನಿತಾಯ್ ಅದನ್ನು ಮಡಿಸದೆ ಸುರುಳಿ ಸುತ್ತಿದ. "ಮುಖದ ಮೇಲೆ ಮಡಿಕೆ ಬೀಳಬಾರದು," ಎಂದ. "ಹನ್ನೊಂದು ಸಿನಿಮಾ ಕ್ಲಬ್ಬಿನಲ್ಲಿ ಹಾಕಬಹುದಾ ಅನಂತೊ-ದಾ?"

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅನಂತನ ಫೋನು ಟಿಣ್ ಎಂದಿತು. ಮಧ್ಯಾಹ್ನದವರೆಗೂ ಟಿಣ್ಣೆನ್ನುತ್ತಲೇ ಇತ್ತು. ಪಾಡಾದವರೆಲ್ಲ ತಂತಮ್ಮ ಫೋನುಗಳನ್ನೂ ಹಳೆಯ ಆಲ್ಬಮ್ಮುಗಳನ್ನೂ ಜಾಲಾಡುತ್ತಿದ್ದರು. ಬಂದದ್ದು ಹದಿನಾಲ್ಕು ಫೋಟೊ. ಹೆಚ್ಚಿನವು ದುರ್ಗಾಪೂಜೆಯವು. ಯಾವುದೂ ಶ್ರೀವತ್ಸನನ್ನು ತೆಗೆದ ಫೋಟೊ ಅಲ್ಲ. ಯಾರದೋ ಸೊಸೆಯ ಹೊಸ ಸೀರೆ, ಯಾರದೋ ಮೊಮ್ಮಗುವಿನ ಮೊದಲ ಅಷ್ಟಮಿ, ಕ್ಲಬ್ಬಿನ ಪದಾಧಿಕಾರಿಗಳು. ಅವರ ಹಿಂದೆ, ಅಂಚಿನಲ್ಲಿ, ಭೋಗದ, ಎಂದರೆ ಪ್ರಸಾದದೂಟದ, ಸಾಲಿಗೆ ಖಿಚುಡಿ ಬಡಿಸುತ್ತ ಶ್ರೀವತ್ಸ. ಪೂಜೆಗೆ ಊಟ ಬಡಿಸುವ ಕೆಲಸ ಇಪ್ಪತ್ತು ವರ್ಷ ಅವನದೇ ಆಗಿತ್ತು. ತನ್ನನ್ನು ಯಾರೂ ತೆಗೆಯುತ್ತಿಲ್ಲವೆಂದು ನಂಬಿದ್ದ ಅವನಿಗೆ ಕಿಟಕಿ ಹುಡುಕುವ ನೆನಪಾಗಿರಲಿಲ್ಲ. ಎಲ್ಲದರಲ್ಲೂ ಕೈಯಲ್ಲಿ ಬಕೆಟ್ಟು ಹಿಡಿದಿದ್ದ. ಬದುಕಿದ್ದ. ಪೂರ್ತಿ ಇದ್ದ.

ಅನಂತ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಇಂದಿರಾರ ಮನೆಗೆ ನಡೆದ. ಅವರು ಹದಿನಾಲ್ಕನ್ನೂ ನೋಡಿ, ಮತ್ತೆ ಮೊದಲಿಂದ ನೋಡಿ, ಎರಡು ಸಾವಿರದ ಹನ್ನೊಂದರ ಒಂದನ್ನು ಆರಿಸಿದರು. ಅದರಲ್ಲಿ ಫ್ಲ್ಯಾಶಿನ ಬೆಳಕು ಎರಡೂ ಕೆನ್ನೆಗೆ ರಾಚಿತ್ತು. ಹುಣಸೆಬೀಜದ ಮಚ್ಚೆ, ಗಿಡ್ಡ ಮೀಸೆ, ಬೆವರು. ಸೌಟು ಮೇಲಕ್ಕೆತ್ತಿದ್ದ, ಬಾಯಿ ತೆರೆದಿತ್ತು.

"ಬಾಯಿ ತೆಗೆದಾನಲ್ರಿ," ಎಂದ ಅನಂತ. "ಗ್ವಾಡಿ ಮ್ಯಾಲ ಇದು ಛಂದ ಕಾಣ್ತದೇನ್ರಿ?"

"ಮಾತಾಡ್ತಿದಾರೆ," ಎಂದರು ಇಂದಿರಾ. ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ಆ ಬಾಯನ್ನೇ ನೋಡಿದರು. "ಪೂಜೇಲಿ ನಾನೂ ಅದೇ ಸಾಲಿನಲ್ಲಿ ಕೂತಿರ್ತಿದ್ದೆ. ಅಲ್ಲಿ ಅವರು ಆಡ್ತಿದ್ದದ್ದು ಒಂದೇ ಮಾತು. 'ಆರ್ ಏಕ್ಟು?'"

ಇನ್ನು ಸ್ವಲ್ಪ ಹಾಕ್ಲಾ, ಎಂದು.